"ಸುಮ್ನೆ ಕರೆಂಟ್ ಕೊಡಿ ಮೇಡಂ": ಕಬಡ್ಡಿ ಹುಡುಗರ ತೊಡೆಸಂದಿನ ನೋವು

ಮಂಡ್ಯದ ಸುತ್ತಮುತ್ತಲಿನ ಕಬಡ್ಡಿ ಹುಡುಗರು ನನ್ನ ಕ್ಲಿನಿಕ್ಕಿಗೆ ಬಂದರೆ ಮೊದಲು ಹೇಳುವುದು "ಸೊಂಟ ನೋವು ಮೇಡಂ" ಅಂತ. ಎಲ್ಲಿ ತೋರಿಸಪ್ಪ ಅಂದರೆ ಕೈ ಸೊಂಟಕ್ಕೆ ಹೋಗುವುದೇ ಇಲ್ಲ, ನೆಲ ನೋಡುತ್ತಾ ನಿಲ್ಲುತ್ತಾರೆ. ಹೆಂಗಸು ಫಿಸಿಯೋ ಮುಂದೆ ತೊಡೆಸಂದು ಅನ್ನುವುದಕ್ಕೆ ನಾಚಿಕೆ. ಈಗ ನಾನೇ ಕೇಳಿಬಿಡುತ್ತೇನೆ: "ಕೆಮ್ಮಿದರೆ ಚುಚ್ಚುತ್ತಾ? ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ? ಓಡ್ತಾ ಓಡ್ತಾ ಗಕ್ಕನೆ ತಿರುಗಿದಾಗ?" ಮೂರಕ್ಕೂ ಹೌದು ಅಂದರೆ ಸ್ಪೋರ್ಟ್ಸ್ ಹರ್ನಿಯಾ ಇರಬಹುದಾ ಅನ್ನುವ ಅನುಮಾನ ಶುರುವಾಗುತ್ತದೆ.

ಇಲ್ಲಿಗೆ ಬರುವಷ್ಟರಲ್ಲಿ ಊರಿನ ವೈದ್ಯವೆಲ್ಲ ಮುಗಿದಿರುತ್ತದೆ. ಹೀಟ್ ಆಗಿದೆ ಅಂತ ಒಬ್ಬರು ಎಳನೀರು ಕುಡಿಸಿರುತ್ತಾರೆ. ನರ ಎಳೆದಿದೆ ಅಂತ ಇನ್ನೊಬ್ಬರು ಎಣ್ಣೆ ಹಾಕಿ ತಿಕ್ಕಿರುತ್ತಾರೆ. ಎಲ್ಲರೂ ಕೊಡುವ ಸಲಹೆ ಒಂದೇ, ರೆಸ್ಟ್. ಮಜಾ ಅಂದರೆ ರೆಸ್ಟ್ ಮಾಡಿದರೆ ನೋವು ಹೋಗಿಯೇ ಬಿಡುತ್ತದೆ. ಹುಡುಗ ಖುಷಿಯಿಂದ ಮ್ಯಾಟ್‌ಗೆ ಇಳಿಯುತ್ತಾನೆ, ಎರಡು ರೈಡ್ ಮಾಡುತ್ತಾನೆ, ಅದೇ ಜಾಗದಲ್ಲಿ ಅದೇ ನೋವು.

ಒಳಗೆ ಆಗುವುದು ಇಷ್ಟು. ಹೊಟ್ಟೆಯ ನೇರ ಸ್ನಾಯು ಮೇಲಿನಿಂದ ಇಳಿದು ಬಂದು ಜನನಾಂಗದ ಮೇಲಿರುವ ಪ್ಯೂಬಿಕ್ ಮೂಳೆಗೆ ಅಂಟಿಕೊಳ್ಳುತ್ತದೆ. ತೊಡೆಯ ಒಳಬದಿಯ ಅಡಕ್ಟರ್ ಸ್ನಾಯು ಕೆಳಗಿನಿಂದ ಬಂದು ಅಲ್ಲೇ ಸೇರುತ್ತದೆ. ಆ ಮೂಳೆಯ ಮೇಲೆ ಇವೆರಡರದ್ದು ದಿನವೂ ಹಗ್ಗಜಗ್ಗಾಟ. ರೈಡರ್‌ನ ಪಾದ ಕಾರ್ನರ್‌ನವನ, ಅಂದರೆ ತುದಿಯಲ್ಲಿ ನಿಂತು ಹಿಡಿಯುವವನ ಕೈಗೆ ಸಿಕ್ಕಿದ ಆ ಕ್ಷಣ ನೋಡಿ. ಕಾಲು ಹಿಂದೆ ಉಳಿದಿದೆ, ಮೈಯೆಲ್ಲ ಮಧ್ಯದ ಗೆರೆ ಕಡೆ ಚಾಚಿದೆ, ಮೇಲಿಂದ ಇನ್ನೊಬ್ಬ ಬಂದು ಬೀಳುತ್ತಾನೆ. ಆ ಒಂದು ಸೆಕೆಂಡಿನಲ್ಲಿ ಎರಡೂ ಕಡೆಯಿಂದ ಎಳೆತ. ಹೀಗೆ ಮತ್ತೆ ಮತ್ತೆ ಆದಾಗ ಸ್ನಾಯು ಅಂಟಿದ ಜಾಗ ಸವೆಯುತ್ತದೆ, ಸಣ್ಣಗೆ ಹರಿಯುತ್ತದೆ. ಕೆಲವರಲ್ಲಿ ತೊಡೆಸಂದಿನ ನಾಳದ ಹಿಂಬದಿಯ ಗೋಡೆ ಸಡಿಲವಾಗಿ ಅಲ್ಲಿನ ನರ ಒತ್ತಿಕೊಳ್ಳುತ್ತದೆ. ಫುಟ್‌ಬಾಲ್, ಹಾಕಿ, ವೇಗದ ಬೌಲಿಂಗ್, ಎಲ್ಲದರಲ್ಲೂ ಕತೆ ಹೆಚ್ಚುಕಡಿಮೆ ಇದೇ. ಹುಡುಗಿಯರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಹರ್ನಿಯಾ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಒಬ್ಬ ತಾಯಿ ಕೇಳಿದ್ದರು, "ಅಲ್ಲ ಮೇಡಂ, ನಮ್ಮ ಮಾವಂಗೂ ಆಗಿತ್ತು, ಕುಯ್ದು ಬಲೆ ಹಾಕಿದ್ರು. ಇವನಿಗೆ ಇನ್ನೂ ಮದ್ವೆನೂ ಆಗಿಲ್ವಲ್ಲ!" ಇಲ್ಲಮ್ಮ, ಅದು ಬೇರೆ. ಮಾವನಿಗೆ ಆದದ್ದರಲ್ಲಿ ಕರುಳು ಹೊರಗೆ ಜಾರಿ ಗಂಟು ಕಾಣುತ್ತದೆ. ಇವನಿಗೆ ಗಂಟೂ ಇಲ್ಲ, ಕರುಳು ಜಾರಿಯೂ ಇಲ್ಲ. ಅದಕ್ಕೇ ಸುಮ್ಮನೆ ಮಲಗಿಸಿ ಮಾಡಿದ ಸ್ಕ್ಯಾನಿಂಗ್ ಎಷ್ಟೋ ಸಲ ನಾರ್ಮಲ್ ಅಂತ ಬರುತ್ತದೆ, ಹುಡುಗ ನಾಟಕ ಮಾಡುತ್ತಿದ್ದಾನೆ ಅಂತ ಬೈಸಿಕೊಳ್ಳುತ್ತಾನೆ. ಬೇಕಿರುವುದು ಮುಕ್ಕಿಸಿ ಮಾಡುವ ಅಲ್ಟ್ರಾಸೌಂಡ್, ಇಲ್ಲವೇ ಎಂಆರ್‌ಐ.

ಅದಕ್ಕೂ ಮೊದಲು ಕೈಯಿಂದ ನೋಡುವುದಿದೆ. ಅಂಗಾತ ಮಲಗಿಸಿ, ಮಂಡಿ ಮಡಿಸಿ, ಎರಡು ಮಂಡಿಗಳ ನಡುವೆ ನನ್ನ ಮುಷ್ಟಿ ಇಟ್ಟು "ಹಿಸುಕು" ಅನ್ನುತ್ತೇನೆ. ಕಬ್ಬಿನ ಲೋಡು ಎತ್ತುವ ಹುಡುಗ ಅರ್ಧಕ್ಕೇ ಬಿಟ್ಟುಬಿಡುತ್ತಾನೆ, ಬಾಯಲ್ಲಿ "ಸ್ಸ್" ಅನ್ನುವ ಸದ್ದು. ಆಮೇಲೆ ಭುಜದ ಮೇಲೆ ಕೈಯಿಟ್ಟು, ಅದನ್ನು ತಳ್ಳಿಕೊಂಡು ಏಳಲು ಹೇಳುತ್ತೇನೆ. ಮಂಡಿ ಹಿಸುಕುವಾಗ ಜಾಸ್ತಿ ನೋವಾದರೆ ಅಡಕ್ಟರ್ ಕಡೆ, ಏಳುವಾಗ ಜಾಸ್ತಿಯಾದರೆ ಹೊಟ್ಟೆಯ ಕಡೆ ಗಮನ. ಎರಡೂ ಸೇರಿಕೊಂಡಿರುವುದೇ ಹೆಚ್ಚು.

ತೊಡೆಸಂದಿನ ನೋವೆಲ್ಲ ಇದೇ ಅಲ್ಲ. ಸೊಂಟದ ಕೀಲಿನ ತೊಂದರೆ, ಮೂತ್ರದ ಕಲ್ಲು, ಬೆನ್ನಿನ ನರ, ಯಾವುದೂ ಇರಬಹುದು. ಪೊಲೀಸ್ ನೇಮಕಾತಿಗೆ ಅಂತ ಏಕಾಏಕಿ ಓಟ ಜಾಸ್ತಿ ಮಾಡಿದ ಹುಡುಗಿಗೆ ಕಾಲೂರಿದರೆ ತೊಡೆಸಂದು ನೋಯುತ್ತಿದ್ದರೆ ತೊಡೆಮೂಳೆಯ ಕತ್ತಿನಲ್ಲಿ ಬಿರುಕು ಬಿಟ್ಟಿರಬಹುದು, ಓಟ ಅಂದೇ ನಿಲ್ಲಬೇಕು. ತೊಡೆಸಂದಿನಲ್ಲಿ ಗಂಟು ಕಾಣಿಸಿ, ಅದು ಗಟ್ಟಿಯಾಗಿ ನೋವು, ವಾಂತಿ ಇದ್ದರೆ ಅಥವಾ ವೃಷಣ ಇದ್ದಕ್ಕಿದ್ದಂತೆ ನೋಯತೊಡಗಿದರೆ ನನ್ನ ಹತ್ತಿರ ಬರಬೇಡಿ, ಅದೇ ಗಳಿಗೆ ಆಸ್ಪತ್ರೆಗೆ ಓಡಿ. ನಾಚಿಕೆಯಿಂದ ಬೆಳಗಿನವರೆಗೆ ಕಾದರೆ ವೃಷಣ ಉಳಿಯದೇ ಹೋಗಬಹುದು.

ಇನ್ನು ಚಿಕಿತ್ಸೆ. ಎಲ್ಲರಿಗೂ ಬೇಕಿರುವುದು "ಕರೆಂಟ್". ಪ್ಯಾಡ್ ಅಂಟಿಸಿ ಜುಮ್ಮೆನ್ನಿಸಿದರೆ ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸುತ್ತದೆ. ವ್ಯಾಯಾಮ ಹೇಳಿಕೊಟ್ಟರೆ "ಇದನ್ನ ಮನೇಲೇ ಮಾಡ್ಬೋದಿತ್ತಲ್ಲ" ಅನ್ನುವ ನೋಟ. ಡೆನ್ಮಾರ್ಕಿನ ಪೆರ್ ಹೋಲ್ಮಿಕ್ ಮತ್ತವರ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬಹಳ ಕಾಲದಿಂದ ಅಡಕ್ಟರ್ ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಲೇಸರ್, ಮಸಾಜ್, ಕರೆಂಟ್, ಸ್ಟ್ರೆಚಿಂಗ್. ಇನ್ನೊಂದಕ್ಕೆ ಬಲ ಬರಿಸುವ ವ್ಯಾಯಾಮ. ನೋವಿಲ್ಲದೆ ಹಳೆಯ ಮಟ್ಟದ ಆಟಕ್ಕೆ ಮರಳಿದವರು ವ್ಯಾಯಾಮದ ಗುಂಪಿನಲ್ಲಿ 23, ಕರೆಂಟಿನ ಗುಂಪಿನಲ್ಲಿ 4.

ಶುರು ಮಾಡುವುದು ಮಂಡಿಗಳ ನಡುವೆ ವಾಲಿಬಾಲ್ ಇಟ್ಟು ಹಿಸುಕುವುದರಿಂದ. ಆಮೇಲೆ ಪಕ್ಕಕ್ಕೆ ಮಲಗಿ ಕೆಳಗಿನ ಕಾಲು ಎತ್ತುವುದು, ಹೊಟ್ಟೆ ಮತ್ತು ಪೃಷ್ಠದ ವ್ಯಾಯಾಮ. ಸ್ವಲ್ಪ ಬಲ ಬಂದ ಮೇಲೆ ಕೋಪನ್‌ಹೇಗನ್ ಅನ್ನುವ ವ್ಯಾಯಾಮ. ಪಕ್ಕಕ್ಕೆ ಮಲಗಿ ಮೊಣಕೈ ಊರಿ, ಮೇಲಿನ ಕಾಲನ್ನು ಗೆಳೆಯನ ಕೈಯಲ್ಲೋ ಜಗಲಿಯ ಮೇಲೋ ಇಟ್ಟು, ಇಡೀ ಮೈ ಎತ್ತಿ ಇಳಿಸುವುದು. ಕಾಸು ಖರ್ಚಿಲ್ಲ. ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ಇದೊಂದೇ ವ್ಯಾಯಾಮದಿಂದ ತೊಡೆಸಂದಿನ ತೊಂದರೆ 41% ಕಡಿಮೆಯಾಯಿತು ಅಂತ 2019ರಲ್ಲಿ ವರದಿಯಾಗಿದೆ. ನೋವು ಹತ್ತರಲ್ಲಿ ಎರಡರಷ್ಟಿದ್ದರೆ ಮುಂದುವರಿಸಿ, ಐದು ದಾಟಿದರೆ ನಿಲ್ಲಿಸಿ. ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಮಾರ್ಚ್‌ನಲ್ಲಿ ಟೂರ್ನಮೆಂಟ್ ಇದೆ ಮೇಡಂ ಅಂತ ಫೆಬ್ರವರಿಯಲ್ಲಿ ಬಂದವರಿಗೆ ನನ್ನ ಹತ್ತಿರ ಮಂತ್ರ ಇಲ್ಲ.

"ಮತ್ತೆ ರಾಹುಲ್ ಯಾಕೆ ಜರ್ಮನಿಗೆ ಹೋದ್ರು?" ಅಂತ ಕೇಳದ ಹುಡುಗ ಇಲ್ಲ. ನಮ್ಮ ಕ್ರಿಕೆಟಿಗ ಕೆ.ಎಲ್. ರಾಹುಲ್ 2022ರ ಜೂನ್ ಕೊನೆಯಲ್ಲಿ ಅಲ್ಲಿ ಇದೇ ಸ್ಪೋರ್ಟ್ಸ್ ಹರ್ನಿಯಾಕ್ಕೆ ಆಪರೇಷನ್ ಮಾಡಿಸಿಕೊಂಡು ಆಗಸ್ಟ್‌ನಲ್ಲಿ ಜಿಂಬಾಬ್ವೆ ಸರಣಿ ಆಡಿದರು. ಸೂರ್ಯಕುಮಾರ್ ಯಾದವ್ ಕೂಡ 2025ರ ಜೂನ್‌ನಲ್ಲಿ ಹೊಟ್ಟೆಯ ಕೆಳಗಿನ ಬಲಬದಿಗೆ ಮಾಡಿಸಿಕೊಂಡರು. ನಾನು ಆಪರೇಷನ್ ವಿರೋಧಿಯಲ್ಲ. ತಿಂಗಳುಗಟ್ಟಲೆ ನೋವಿದ್ದ 60 ಜನರನ್ನು ಫಿನ್ಲೆಂಡಿನಲ್ಲಿ ಹೋಲಿಸಿದಾಗ, ಮೂರು ತಿಂಗಳಲ್ಲಿ ಆಟಕ್ಕೆ ಮರಳಿದವರು ಆಪರೇಷನ್ ಆದ 30ರಲ್ಲಿ 27, ಆಗದ 30ರಲ್ಲಿ 8. ಸರಿಯಾಗಿ ಮೂರು ತಿಂಗಳು ವ್ಯಾಯಾಮ ಮಾಡಿಯೂ ಹಾಗೇ ಇದ್ದರೆ ನಾನೇ ಸರ್ಜನ್‌ಗೆ ಚೀಟಿ ಬರೆದುಕೊಡುತ್ತೇನೆ. ದುರ್ಬೀನಿನ ಮೂಲಕ ಬಲೆ ಇಡುವುದೋ, ತೆರೆದು ಹೊಲಿಯುವುದೋ ಅವರ ತೀರ್ಮಾನ. ಆದರೆ ಆಪರೇಷನ್ ಆದ ಮೇಲೂ ಅದೇ ವಾಲಿಬಾಲ್, ಅದೇ ಜಗಲಿ. ಅದರಿಂದ ರಿಯಾಯಿತಿ ರಾಹುಲ್‌ಗೂ ಸಿಗುವುದಿಲ್ಲ.

ವಾಪಸ್ ಆಟಕ್ಕೆ ಬಿಡುವಾಗ ನಾನು ನೋಡುವುದು ಕ್ಯಾಲೆಂಡರ್ ಅಲ್ಲ. ಮುಷ್ಟಿ ಹಿಸುಕಿದಾಗ ನೋವಿರಬಾರದು. ಆಮೇಲೆ ನೇರ ಓಟ, ನಂತರ ತಿರುವು, ಆಮೇಲೆ ಯಾರೂ ಹಿಡಿಯದ ರೈಡ್. ಕಾರ್ನರ್‌ನವನಿಗೆ ಪಾದ ಹಿಡಿಯಲು ಬಿಡುವುದು ಎಲ್ಲಕ್ಕಿಂತ ಕೊನೆಗೆ. ಆ ಕೊನೆಯ ಹಂತಕ್ಕೆ ಬಂದಾಗ ಕೋಚ್‌ಗೆ ನಾನೇ ಫೋನ್ ಮಾಡುತ್ತೇನೆ. ಹುಡುಗನ ಬಾಯಿಗೆ ಬಿಟ್ಟರೆ ಎರಡನೇ ವಾರವೇ "ಮೇಡಂ ಓಕೆ ಅಂದ್ರು" ಅಂದುಬಿಡುತ್ತಾನೆ.