ಕಾರ್ನ್ ಫ್ಲೋರ್ ಅಲ್ಲ, ಮೆಕ್ಕೆಜೋಳದ ಹಿಟ್ಟು

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಹಾಸ್ಟೆಲ್ ಎಂದರೆ ಈಗಲೂ ಕಣ್ಣಿಗೆ ಕಟ್ಟುವುದು ಜಿಟಿಜಿಟಿ ಮಳೆಯಲ್ಲಿ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದ ಇಥಿಯೋಪಿಯಾ, ಮಲಾವಿ, ತಾಂಜಾನಿಯಾದ ಗೆಳೆಯರು. ಅವರಲ್ಲಿ ಬಹಳ ಮಂದಿ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ವಿದ್ಯಾರ್ಥಿವೇತನದ ಮೇಲೆ ಬಂದವರು. 1950ರಲ್ಲಿ ಮೌಲಾನಾ ಆಜಾದರು ಕಟ್ಟಿದ ಸಂಸ್ಥೆ ಅದು. ಫೀಸು, ತಿಂಗಳ ಖರ್ಚು, ಬಾಡಿಗೆ ಎಲ್ಲವೂ ಅದರ ನಿಯಮದಲ್ಲಿದೆ. ಆದರೂ ಬಂದ ಮೊದಲ ಎರಡು ತಿಂಗಳು, ಹೊರಡುವ ಮುಂಚಿನ ಎರಡು ತಿಂಗಳು ಅವರಿಗೆ ಜೊತೆಗೊಬ್ಬರು ಬೇಕೇ ಬೇಕು. ಈಗ ಹಾಸ್ಟೆಲ್‌ನಲ್ಲಿರುವವರಿಗೆ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇನೆ.

ವಿಮಾನ ಹತ್ತುವ ಮೊದಲೇ ಒಂದು ಮಾತು ತಿಳಿಸಬೇಕು. ಇಥಿಯೋಪಿಯಾ, ಉಗಾಂಡದಂಥ ದೇಶಗಳಿಂದ ಬರುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಲಸಿಕೆಯ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಬಂದಮೇಲೆ ಕಾಗದಪತ್ರದ ಗೋಜಲು. ಸ್ಟೈಪೆಂಡ್ ಬರಲು ಬ್ಯಾಂಕ್ ಖಾತೆ ಬೇಕು, ಬ್ಯಾಂಕು ವಿಳಾಸದ ದಾಖಲೆ ಕೇಳುತ್ತದೆ, ವಿಳಾಸಕ್ಕೆ ನೋಂದಣಿ ಪತ್ರ ತನ್ನಿ ಅನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗೆ. ಇದನ್ನು ವಿಭಾಗದ ಕಡೆಯಿಂದ ಬಿಡಿಸುತ್ತ ಬರಬೇಕು. ಬಂದ ದಿನವೇ ಇಲ್ಲಿಯ ವಿದ್ಯಾರ್ಥಿ ಎಂದು ದೃಢಪಡಿಸುವ ಬೋನಫೈಡ್ ಪತ್ರ. 24 ಗಂಟೆಯೊಳಗೆ ವಾರ್ಡನ್ ಆನ್‌ಲೈನ್‌ನಲ್ಲಿ ವಿದೇಶಿಯರ ವಾಸದ ವಿವರ ಕೊಡುವ ಫಾರ್ಮ್ (ಫಾರ್ಮ್ ಸಿ ಎಂದು ಕರೆಯುತ್ತಿದ್ದುದು) ತುಂಬಬೇಕು. 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣದಲ್ಲಿ ನೋಂದಣಿ. ವಿಳಾಸದ ದಾಖಲೆ ಕೈಗೆ ಬರುವ ಮುಂಚೆಯೂ ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ ನೋಡಿ ಖಾತೆ ತೆರೆದು, ವಿಳಾಸಕ್ಕೆ 30 ದಿನ ಸಮಯ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಕೌಂಟರಿನಲ್ಲಿ ಆಧಾರ್ ಕೇಳಿ ವಾಪಸ್ ಕಳಿಸಿದರೆ ಆ ನಿಯಮದ ಪ್ರಿಂಟ್ ತೋರಿಸಿ. ಒಬ್ಬರನ್ನೇ ಕಳಿಸಬೇಡಿ, ಕನ್ನಡ ಬಲ್ಲವರು ಜೊತೆಗೆ ಹೋಗಿ. ಅಷ್ಟು ದಿನ ಊಟ, ಸಿಮ್, ಹೊದಿಕೆಗೆ ಹಣ ಬೇಕಲ್ಲ? ಹಳೆಯ ವಿದ್ಯಾರ್ಥಿಗಳು ತಲಾ ಸಾವಿರ ಹಾಕಿ ಒಂದು ಕೈಗಡದ ನಿಧಿ ಇಟ್ಟರೆ ಸಾಕು, ಸ್ಟೈಪೆಂಡ್ ಬಂದಾಗ ಅದು ವಾಪಸಾಗುತ್ತದೆ.

ಊಟದ ವಿಷಯವನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಮಲಾವಿಯ ನ್ಸಿಮಾ, ತಾಂಜಾನಿಯಾದ ಉಗಾಲಿ ನಮ್ಮ ಮುದ್ದೆಯ ಒಡಹುಟ್ಟುಗಳು. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಕೇಳಿದರೆ ಇಲ್ಲಿ ಕೊಡುವುದು ಮಂಚೂರಿಗೆ ಹಾಕುವ ಬಿಳಿ ಪಿಷ್ಟ. ಅದನ್ನು ಕುದಿಯುವ ನೀರಿಗೆ ಹಾಕಿದರೆ ಗೋಂದಾಗುತ್ತದೆಯೇ ಹೊರತು ಮುದ್ದೆ ಕಟ್ಟುವುದಿಲ್ಲ. ಮೆಕ್ಕೆಜೋಳ ತಂದು ಗಿರಣಿಯಲ್ಲಿ ನುಣ್ಣಗೆ ಬೀಸಿಸಬೇಕು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಮೊದಲು ಸ್ವಲ್ಪ ಹಿಟ್ಟಿನಲ್ಲಿ ತೆಳು ಗಂಜಿ ಕುದಿಸಿ, ಮಿಕ್ಕ ಹಿಟ್ಟನ್ನು ಉದುರಿಸುತ್ತ ಮುದ್ದೆ ಕೋಲಿನಲ್ಲಿ ತಿರುವಿದರೆ ಗಂಟಾಗದು. ಅಲ್ಲಿಯದು ಬಿಳಿ ಮೆಕ್ಕೆಜೋಳ, ಇಲ್ಲಿಯದು ಹಳದಿ, ರುಚಿಯಲ್ಲಿ ತುಸು ವ್ಯತ್ಯಾಸ ಇರುತ್ತದೆ. ಇಥಿಯೋಪಿಯಾದವರಿಗೆ ದೋಸೆಯ ಹುಳಿ ಬೇಗ ಒಗ್ಗುತ್ತದೆ, ದೋಸೆಯಂಥ ಅವರ ಇಂಜೆರಾದ ಹಿಟ್ಟೂ ಹುದುಗು ಬರಿಸಿದ್ದೇ. ನಮ್ಮ ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದಲೇ ಬಂದ ಧಾನ್ಯ ಎಂಬುದನ್ನು ಮೆಸ್‌ನಲ್ಲಿ ಬಡಿಸುವವರಿಗೂ ಹೇಳಬೇಕು.

ಪಾಠದ ನಡುವೆ ಮೇಷ್ಟ್ರು ಕನ್ನಡಕ್ಕೆ ಜಾರಿದಾಗ ಪಕ್ಕದವರು ಪಿಸುಗುಟ್ಟಿ ಹೇಳಿದರೆ ಸಾಕು.

ಹೊರಡುವ ಕಾಲದ್ದು ಬೇರೆಯೇ ಅವಸರ. ವೀಸಾ ಮುಗಿಯುತ್ತದೆ, ಘಟಿಕೋತ್ಸವ ಇನ್ನೂ ದೂರವಿರುತ್ತದೆ. ಪ್ರಾವಿಜನಲ್ ಸರ್ಟಿಫಿಕೇಟ್, ಮುಚ್ಚಿದ ಲಕೋಟೆಯಲ್ಲಿ ಎಲ್ಲ ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ನ ಮೂರ್ನಾಲ್ಕು ಪ್ರತಿ ಮೊದಲೇ ಪಡೆದಿಡಬೇಕು. ಮಲಾವಿ, ರುವಾಂಡಾದವರಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಬೇರೆ ದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ) ಸಾಕು, ಸುಡಾನಿನವರಿಗೆ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಮೂಲ ಪದವಿ ಪತ್ರವನ್ನು ಆಮೇಲೆ ಪಡೆಯಲು ಮೈಸೂರಿನ ಒಬ್ಬ ಗೆಳೆಯನ ಹೆಸರಿಗೆ ಅಧಿಕಾರ ಪತ್ರ ಬರೆದುಕೊಟ್ಟೇ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಇಥಿಯೋಪಿಯಾದಲ್ಲಿ ಮನೆತನದ ಹೆಸರಿಲ್ಲ. ತನ್ನ ಹೆಸರು, ಅಪ್ಪನದು, ಅಜ್ಜನದು, ಹೀಗೆ ಸಾಲಾಗಿ ಬರುತ್ತದೆ. ನಮ್ಮ ಅರ್ಜಿಗಳು ಸರ್‌ನೇಮ್, ಇನಿಷಿಯಲ್ ಕೇಳುತ್ತವೆ, ಅಲ್ಲಿ ಅಜ್ಜನ ಹೆಸರು ಬಿಟ್ಟುಹೋಗುತ್ತದೆ. ಪಾಸ್‌ಪೋರ್ಟಿಗೂ ಪದವಿ ಪತ್ರಕ್ಕೂ ತಾಳೆಯಾಗದಿದ್ದರೆ ಊರಿನಲ್ಲಿ ಕೆಲಸಕ್ಕೆ ತೊಡಕು. ಆದ್ದರಿಂದ ಮೊದಲ ಸೆಮಿಸ್ಟರಿನ ಅಂಕಪಟ್ಟಿ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ.