ಪೆನಾಂಗ್‌ಗೆ ಹೋದರೆ ಬೆಳಿಗ್ಗೆ ಬೇಗ ಏಳಿ, ಕುಯೆ ತಿನ್ನಿ

ಮಲೇಷ್ಯಾದ ಪೆನಾಂಗ್ ಅಂದರೆ ಎಲ್ಲರೂ ನೂಡಲ್ಸ್ ಬಗ್ಗೆಯೇ ಹೇಳುತ್ತಾರೆ. ಸಸ್ಯಾಹಾರಿಗಳಿಗೆ ಅದರಲ್ಲಿ ಸಿಗುವುದು ಕಮ್ಮಿ. ಸೀಗಡಿ, ಮೀನು, ಹಂದಿ ಕೊಬ್ಬು ಯಾವುದಾದರೊಂದು ಸೇರಿಯೇ ಇರುತ್ತದೆ. ಮೊಟ್ಟೆಯನ್ನೂ ಮುಟ್ಟದ ಅಮ್ಮನ ಜೊತೆ ಹೋಗಿದ್ದ ನಮಗೆ ಹೊಟ್ಟೆ ತುಂಬಿಸಿದ್ದು ಕುಯೆ. ಅಕ್ಕಿಹಿಟ್ಟು, ತೆಂಗಿನಹಾಲು, ಬೆಲ್ಲ ಹಾಕಿ ಮನೆಯಲ್ಲಿ ಮಾಡಿ ತಂದು ಬೀದಿಯಲ್ಲಿ ಮಾರುವ ಪುಟ್ಟ ಪುಟ್ಟ ತಿಂಡಿಗಳು ಇವು.

ಇದು ಬೆಳಗಿನ ವ್ಯಾಪಾರ. ಚೌರಸ್ತಾ ಮಾರ್ಕೆಟ್ ಸುತ್ತಮುತ್ತ ಅಥವಾ ಪುಲಾವ್ ಟಿಕುಸ್ ಮಾರ್ಕೆಟ್ಟಿಗೆ ಎಂಟು ಗಂಟೆಯೊಳಗೆ ಹೋಗಿಬಿಡಿ. ತಡವಾದರೆ ಒಳ್ಳೊಳ್ಳೆಯದು ಖಾಲಿಯಾಗಿರುತ್ತದೆ. ಉಳಿದದ್ದನ್ನು ಸಂಜೆಗೆ ಅಂತ ಕಟ್ಟಿಸಿಕೊಳ್ಳಬೇಡಿ. ತೆಂಗಿನಕಾಯಿ ಆ ಸೆಖೆಗೆ ಬೇಗ ಹಳಸುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಅಕ್ಕಿ ಗಟ್ಟಿಯಾಗುತ್ತದೆ. ಬೇಕಾದಷ್ಟೇ ತಗೊಂಡು ಅಲ್ಲೇ ತಿನ್ನುವುದು ವಾಸಿ.

ಮೊದಲು ಒಂಡೆ ಒಂಡೆ ತಿನ್ನಿ. ಪಾಂಡನ್ ಎಂಬ ಘಮಘಮಿಸುವ ಎಲೆಯ ರಸ ಕಲಸಿದ ಹಸಿರು ಉಂಡೆ, ಮೇಲೆ ತೆಂಗಿನತುರಿ. ಒಳಗೆ ಗುಲಾ ಮೆಲಾಕಾ, ಅಂದರೆ ತೆಂಗಿನ ಮರದ ನೀರಾ ಕಾಯಿಸಿ ಮಾಡಿದ ಬೆಲ್ಲ. ಬೇಯುವಾಗ ಆ ಬೆಲ್ಲ ಒಳಗೇ ಕರಗಿ ಪಾಕವಾಗಿರುತ್ತದೆ. ಹಾಗಾಗಿ ಇಡೀ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ತುಟಿ ಮುಚ್ಚಿ ಕಚ್ಚಬೇಕು. ಅಮ್ಮ ಮರ್ಯಾದೆಯಿಂದ ಅರ್ಧ ಕಚ್ಚಿದರು. ಪಾಕ ಚಿಮ್ಮಿ ಸೆರಗಿನ ಮೇಲೆ! ಮಾರುತ್ತಿದ್ದ ಹೆಂಗಸು ನಗುತ್ತಲೇ ಟಿಶ್ಯೂ ಕೊಟ್ಟರು, ಇನ್ನೊಂದು ಉಂಡೆಯನ್ನೂ ಕೈಗಿಟ್ಟರು.

ಪುಲುತ್ ಇಂಟಿ ಬಾಳೆಲೆಯಲ್ಲಿ ಕಟ್ಟಿಟ್ಟಿರುತ್ತಾರೆ. ಅಂಟು ಅಕ್ಕಿಯ ಅನ್ನ, ಮೇಲೆ ಬೆಲ್ಲದ ಕಾಯಿ ಹೂರಣ. ಅನ್ನದಲ್ಲಿ ಕಾಣುವ ನೀಲಿ ನಮ್ಮ ಶಂಖಪುಷ್ಪದ್ದೇ. ಪುಟು ಮಾಯಮ್ ಅಂತೂ ಒತ್ತು ಶ್ಯಾವಿಗೆಯೇ, ತೆಂಗಿನತುರಿ, ಕಂದು ಸಕ್ಕರೆ ಜೊತೆ ಕೊಡುತ್ತಾರೆ. ಅಲ್ಲಿಗೆ ಹೋಗಿ ಶ್ಯಾವಿಗೆ ತಿನ್ನೋದಾ ಅಂತ ಅನ್ನಿಸಬಹುದು. ಬಿಸಿಯಾಗಿ ಸಿಕ್ಕರೆ ತಿನ್ನಿ, ಆಮೇಲೆ ಹೇಳಿ.

ಮೊಟ್ಟೆ ಎಲ್ಲಿ ಇರುತ್ತದೆ ಅಂತ ತಿಳಿದಿರಲಿ. ಅಂಟು ಅಕ್ಕಿಯ ಎರಡು ಪದರದ ಕುಯೆಯಾದ ಸೆರಿ ಮುಕಾದ ಮೇಲಿನ ಹಸಿರು ಪದರ, ಕಾಯಾ ಎಂಬ ತೆಂಗಿನಹಾಲಿನ ಜಾಮ್, ಮಡಿಚಿ ಕೊಡುವ ದೋಸೆಯಂಥ ಅಪಮ್ ಬಾಲಿಕ್‌ನ ಹಿಟ್ಟು, ಈ ಮೂರರಲ್ಲೂ ಮೊಟ್ಟೆ ಉಂಟು. ರೋಜಕ್ ನೋಡಲು ಬರೀ ಹಣ್ಣಿನ ಚೂರು, ಆದರೆ ಆ ಕಪ್ಪು ಸಾಸ್ ಸೀಗಡಿಯದು. ಮಲಯ್ ಭಾಷೆಯಲ್ಲಿ 'ತಕ್ ಮಾವ್ ತೆಲುರ್' ಅಂದರೆ ಮೊಟ್ಟೆ ಬೇಡ, 'ತಕ್ ಮಾವ್ ಉದಾಂಗ್' ಅಂದರೆ ಸೀಗಡಿ ಬೇಡ. ಇಷ್ಟು ಕಲಿತರೆ ಸಾಕು. ಭಾರತೀಯರ ಅಂಗಡಿಗಳಿರುವ ಲಿಟಲ್ ಇಂಡಿಯಾ ಬಡಾವಣೆಯಲ್ಲಿ ತಮಿಳು ನಡೆಯುತ್ತದೆ. ಮಲಯ್ ಹೆಂಗಸರನ್ನು 'ಮಕ್ಚಿಕ್' ಅಂತ, ಚೀನೀ ಹೆಂಗಸರನ್ನು 'ಆಂಟಿ' ಅಂತ ಕರೆಯಿರಿ, ಖುಷಿಪಡುತ್ತಾರೆ.

ಖಾರದ ತಿಂಡಿಯೂ ಬೇಕು ಅನ್ನುವ ಸಸ್ಯಾಹಾರಿಗಳು ನವಚಕ್ರವರ್ತಿ ದೇವರ ಹಬ್ಬದ ಹೊತ್ತಿಗೆ ಹೋಗುವುದು ಒಳ್ಳೆಯದು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ 9 ದಿನ ನಡೆಯುವ ಈ ಹಬ್ಬ ಹೆಚ್ಚಾಗಿ ಅಕ್ಟೋಬರ್ ಆಸುಪಾಸಿನಲ್ಲಿ ಬರುತ್ತದೆ. ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಪೂರ್ತಿ ಸಸ್ಯಾಹಾರ.

ಮಧ್ಯಾಹ್ನದ ಬಿಸಿಲಿಗೆ ಚೆಂಡೋಲ್. ಪೆನಾಂಗ್ ರಸ್ತೆ ಪಕ್ಕದ ಕೆಂಗ್ ಕ್ವೀ ಓಣಿಯಲ್ಲಿ ಜನ ನಿಂತೇ ತಿನ್ನುತ್ತಾರೆ. ಐಸ್ ತುರಿ, ತೆಂಗಿನಹಾಲು, ಅಕ್ಕಿಹಿಟ್ಟಿನ ಹಸಿರು ಎಳೆಗಳು, ಕೆಂಪು ಕಾಳು, ಮೇಲೆ ಅದೇ ಬೆಲ್ಲದ ಪಾಕ. ಹೊಟ್ಟೆ ಸೂಕ್ಷ್ಮ ಇದ್ದವರು ಮೊದಲ ದಿನವೇ ಐಸ್‌ಗೆ ಕೈ ಹಾಕಬೇಡಿ.

ದುಡ್ಡಿನ ವಿಷಯ. ಮಲೇಷ್ಯಾದ ಒಂದು ರಿಂಗಿಟ್ ಅಂದರೆ 20 ರೂಪಾಯಿ ಚಿಲ್ಲರೆ. 1, 5, 10ರ ನೋಟು ಜಾಸ್ತಿ ಇಟ್ಟುಕೊಳ್ಳಿ, ಈ ಬೀದಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾರ್ಡ್ ನಡೆಯುವುದಿಲ್ಲ. ರ‍್ಯಾಪಿಡ್ ಪೆನಾಂಗ್ ಬಸ್ಸಿನಲ್ಲೂ ಚಿಲ್ಲರೆ ವಾಪಸ್ ಕೊಡಲ್ಲ. ಭಾರತೀಯರಿಗೆ 2026ರ ಕೊನೆಯವರೆಗೆ 30 ದಿನಗಳಿಗೆ ವೀಸಾ ಬೇಡ. ಆದರೆ ಅಲ್ಲಿ ಇಳಿಯುವ ಮೊದಲಿನ 3 ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರ್ಮ್ ತುಂಬಲೇಬೇಕು.

ಊರಿಗೆ ತರಲು ಕುಯೆ ಆಗುವುದಿಲ್ಲ. ಹೆಸರುಬೇಳೆ ಹೂರಣದ ಒಣ ಬಿಸ್ಕತ್ತು, ತಾವ್ ಸಾರ್ ಪ್ಯಾ, ತರಬಹುದು. ಕೆಲವರು ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ, ಕೊಳ್ಳುವ ಮೊದಲು ಕೇಳಿ.