ನಿರಾಸೆಯ ಜಾಗಗಳ ನಕಾಶೆ: ಚಳಿಗಾಲದ ಕೆಲಸ ಎಲ್ಲಿಗೆ ಬಂತು

ಪಶ್ಚಿಮ ಭಾಗ ಹೆಚ್ಚುಕಡಿಮೆ ಮುಗಿದಿದೆ. ಪೂರ್ವದಲ್ಲಿ ಪ್ಲಿಮತ್ ಚೀಟಿ ಸಿದ್ಧವಾಯಿತು, ನಯಾಗರಾ ಅರ್ಧಕ್ಕೆ ನಿಂತಿದೆ.

ಇದನ್ನು ಮೊದಲ ಸಲ ಓದುತ್ತಿರುವವರಿಗೆ ಎರಡು ಮಾತು. ಊರಿನಿಂದ ಅಪ್ಪ ಅಮ್ಮ ಅಮೆರಿಕಾಕ್ಕೆ ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬಾರದು, ಹೋಗಲೇಬೇಕಾದರೆ ಏನು ಹೇಳಿ ಕರೆದುಕೊಂಡು ಹೋಗಬೇಕು ಅಂತ ಒಂದು ನಕಾಶೆ ಮಾಡುತ್ತಿದ್ದೇನೆ. ಒಂದೊಂದು ಜಾಗಕ್ಕೆ ಒಂದೊಂದು ಚೀಟಿ. ಫೋಟೋದಲ್ಲಿ ಕಾಣುವುದೇನು, ಹೋದ ಮೇಲೆ ಕಾಣುವುದೇನು, ನೆರಳಿದೆಯಾ, ಟಾಯ್ಲೆಟ್ ಇದೆಯಾ, ಎಷ್ಟು ನಡೆಯಬೇಕು, ಎಷ್ಟು ಖರ್ಚು. ಚಂದದ ಜಾಗಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬೇಜಾರು ತರಿಸುವ ಜಾಗಗಳ ಬಗ್ಗೆ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಮಂಡಿನೋವು ಇರುವವರನ್ನು ಗಂಟೆಗಟ್ಟಲೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಇಳಿದ ಮೇಲೆ "ಇಷ್ಟೇನಾ?" ಅನ್ನಿಸಿದರೆ ಸಂಕಟವಾಗುತ್ತದೆ ಅಲ್ವಾ? ಆ ಸಂಕಟ ಇನ್ನೊಬ್ಬರಿಗೆ ಬೇಡ ಅನ್ನುವುದೇ ಈ ಕೆಲಸದ ಉದ್ದೇಶ.

ಈ ಚಳಿಗಾಲದ ದೊಡ್ಡ ಬದಲಾವಣೆ ಬಣ್ಣಗಳದ್ದು. ಮೊದಲು ಎಲ್ಲ ಚೀಟಿಗಳಿಗೂ ಕೆಂಪು ಒಂದೇ ಇತ್ತು. ಈಗ ಎರಡು ಮಾಡಿದ್ದೇನೆ. ಕೆಂಪು ಅಂದರೆ ನಿರಾಸೆ: ಹೆಸರು ದೊಡ್ಡದು, ನೋಡಲು ಏನೂ ಇಲ್ಲ. ಕಂದು ಅಂದರೆ ಹಿಂಸೆ: ವಾಸನೆ, ಧೂಳು, ಬಿಸಿಲು, ಹಾಳು. ಇವೆರಡೂ ಒಂದೇ ಅಲ್ಲ. ಎಷ್ಟೋ ಕೆಂಪು ಜಾಗಗಳನ್ನು ಬಿಟ್ಟುಬಿಡಬಹುದು. ಕಂದು ಜಾಗಗಳಲ್ಲಿ ಕೆಲವನ್ನು ಖಂಡಿತ ನೋಡಬೇಕು.

ಸಾಲ್ಟನ್ ಸೀ ಚೀಟಿ ಬರೆಯುವಾಗ ಇದು ಸ್ಪಷ್ಟವಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಸಮುದ್ರ ಮಟ್ಟಕ್ಕಿಂತ 200 ಅಡಿಗೂ ಕೆಳಗೆ ಇರುವ ದೊಡ್ಡ ಕೆರೆ ಇದು. ದೂರದಿಂದ ನೋಡಿದರೆ ನೀಲಿ ನೀರು, ಹಿಂದೆ ಬೆಟ್ಟ, ಬಿಳಿ ಮರಳಿನ ದಡ. ಹತ್ತಿರ ಹೋದರೆ ಅದು ಮರಳಲ್ಲ. ಮೀನಿನ ಮುಳ್ಳು, ಮೂಳೆ ಮತ್ತು ಬಾರ್ನಕಲ್ ಎಂಬ ಸಣ್ಣ ಜೀವಿಯ ಚಿಪ್ಪು. ಕಾಲಿಟ್ಟರೆ ಕರಕರ ಅನ್ನುತ್ತದೆ. ಒಂದು ಹಿಡಿ ತೆಗೆದು ನೋಡಿದೆ. ಮೀನಿನ ಬೆನ್ನುಮೂಳೆಯ ತುಂಡುಗಳು ಒಂದೊಂದಾಗಿ ಗುರುತು ಸಿಗುತ್ತಿದ್ದವು. ಗಾಳಿ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ. 2012ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿ ಬಂದು ತಳದ ನೀರು ಕಲಕಿದಾಗ ಈ ವಾಸನೆ ಲಾಸ್ ಏಂಜಲೀಸ್‌ವರೆಗೂ ಹೋಗಿತ್ತು.

ಈ ಕೆರೆ ಹುಟ್ಟಿದ ಬಗೆಯನ್ನು ಅಪ್ಪನಿಗೆ ದಾರಿಯಲ್ಲೇ ಹೇಳಿದ್ದೆ. ಇಂಪೀರಿಯಲ್ ಕಣಿವೆಯ ಹೊಲಗಳಿಗಾಗಿ ಕೊಲರಾಡೋ ನದಿಯಿಂದ ಕಾಲುವೆ ತೋಡಿದ್ದರು. 1905ರಲ್ಲಿ ಪ್ರವಾಹ ಬಂದು ಕಾಲುವೆಯ ಬಾಯಿ ಒಡೆಯಿತು. ನದಿಯೇ ದಾರಿ ಬದಲಿಸಿ ಈ ತಗ್ಗಿಗೆ ನುಗ್ಗಿತು. ರೈಲ್ವೆ ಕಂಪನಿಯವರು ವ್ಯಾಗನ್‌ಗಟ್ಟಲೆ ಕಲ್ಲು ಸುರಿದು ಅದನ್ನು ಮುಚ್ಚುವಷ್ಟರಲ್ಲಿ 1907 ಬಂದಿತ್ತು. ಆಮೇಲೆ ಕೆರೆಗೆ ಬಂದಿದ್ದು ಹೆಚ್ಚಾಗಿ ಹೊಲಗಳಿಂದ ಬಸಿದ ನೀರು. ಹೊರಗೆ ಹೋಗಲು ದಾರಿಯೇ ಇಲ್ಲ. ನೀರು ಆವಿಯಾಗುತ್ತದೆ, ಉಪ್ಪು ಮತ್ತು ಗೊಬ್ಬರ ಉಳಿಯುತ್ತವೆ. ಪಾಚಿ ಬೆಳೆದು ಕೊಳೆತು ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ. ಈಗ ಪೆಸಿಫಿಕ್ ಸಾಗರಕ್ಕಿಂತ ಜಾಸ್ತಿ ಉಪ್ಪು ಇಲ್ಲಿದೆ. 2003ರ ಒಪ್ಪಂದದಂತೆ ಹೊಲದ ನೀರಿನಲ್ಲಿ ಒಂದು ಪಾಲು ಸ್ಯಾನ್ ಡಿಯೇಗೋ ಕಡೆಗೆ ಹೋಯಿತು. ಕೆರೆಗೆ ಬದಲಿಯಾಗಿ ಬಿಡುತ್ತಿದ್ದ ನೀರೂ 2017ರ ಕೊನೆಗೆ ನಿಂತಿತು. ದಡ ಒಣಗಿದಂತೆ ಧೂಳು ಏಳುತ್ತದೆ. ಸುತ್ತಲಿನ ಮಕ್ಕಳಲ್ಲಿ ಅಸ್ತಮಾ ದೊಡ್ಡ ಸಮಸ್ಯೆ.

ಪೂರ್ವ ದಡದಲ್ಲಿ ಬಾಂಬೆ ಬೀಚ್ ಅಂತ ಒಂದು ಪುಟ್ಟ ಊರಿದೆ. ಒಂದು ಕಾಲದಲ್ಲಿ ಜನ ರಜೆ ಕಳೆಯಲು ಬರುತ್ತಿದ್ದ ಜಾಗ. ಈಗ ಮುರಿದ ಮನೆಗಳು, ಒಣಗಿದ ದಡದ ಮೇಲೆ ಕಲಾವಿದರು ನಿಲ್ಲಿಸಿದ ವಿಚಿತ್ರ ಆಕೃತಿಗಳು. ಅಪ್ಪ ರೈತರ ಮನೆಯವರು. ನೀರು ಬಸಿಯದ ಗದ್ದೆ ಕ್ಷಾರವಾಗಿ ಹಾಳಾಗುವುದನ್ನು ತುಂಗಭದ್ರಾ ಕಡೆ ನೋಡಿದವರು. ಇಡೀ ಪ್ರವಾಸದಲ್ಲಿ ಅವರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಇಲ್ಲೇ. ಹಾಗಾಗಿ ಚೀಟಿಗೆ ಕಂದು ಬಣ್ಣ, ಕೆಳಗೆ "ಹೋಗಿ" ಅಂತ ಬರೆದಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಹೋಗಿ. ಬೇಸಿಗೆಯಲ್ಲಿ ಬೇಡವೇ ಬೇಡ. ಉಸಿರಾಟದ ತೊಂದರೆ ಇರುವವರಿಗೆ ಯಾವ ಕಾಲದಲ್ಲೂ ಬೇಡ.

ಹಾಲಿವುಡ್ ವಾಕ್ ಆಫ್ ಫೇಮ್‌ಗೆ ಕೆಂಪೇ ಉಳಿಯಿತು. ಎರಡು ಕಿಲೋಮೀಟರ್ ಫುಟ್‌ಪಾತ್, ನೆಲದಲ್ಲಿ ಹೆಸರಾಂತ ಕಲಾವಿದರ ಹೆಸರಿರುವ 2,700ಕ್ಕೂ ಹೆಚ್ಚು ನಕ್ಷತ್ರಗಳು. ಅವುಗಳ ಮೇಲೆ ಕೋಕ್ ಚೆಲ್ಲಿದ ಅಂಟು, ಪಕ್ಕದಲ್ಲಿ ಸ್ಪೈಡರ್‌ಮ್ಯಾನ್ ವೇಷ ಹಾಕಿ ಫೋಟೋಗೆ ದುಡ್ಡು ಕೇಳುವವರು. ಅಮ್ಮ ಹೆಸರುಗಳನ್ನು ತುಳಿಯಬಾರದು ಅಂತ ಪಕ್ಕಪಕ್ಕಕ್ಕೆ ಸರಿದು ನಡೆದರು. ಒಂದು ಹೆಸರು ಮಾತ್ರ ನೆಲದಲ್ಲಿಲ್ಲ. ಬಾಕ್ಸರ್ ಮುಹಮ್ಮದ್ ಅಲಿಯ ನಕ್ಷತ್ರ ಡಾಲ್ಬಿ ಥಿಯೇಟರ್ ಬಳಿ ಗೋಡೆಯ ಮೇಲಿದೆ. ಪ್ರವಾದಿಯ ಹೆಸರಿನ ಮೇಲೆ ಜನ ಕಾಲಿಡುವುದು ಅವರಿಗೆ ಬೇಡವಾಗಿತ್ತು. 2002ರಲ್ಲಿ ಅದನ್ನು ಹಾಗೆ ಹಾಕಿದರು. ಅಮ್ಮನಿಗೆ ಇಡೀ ಬೀದಿಯಲ್ಲಿ ಹಿಡಿಸಿದ್ದು ಅದೊಂದೇ. ಹಾಲಿವುಡ್ ಅಂತ ಬರೆದಿರುವ ಬೆಟ್ಟ ನೋಡಬೇಕು ಅಂದರೆ ಗ್ರಿಫಿತ್ ವೀಕ್ಷಣಾಲಯಕ್ಕೆ ಹೋಗಿ. ಪ್ರವೇಶ ಉಚಿತ, ಸಂಜೆ ಊರಿನ ದೀಪಗಳೂ ಕಾಣುತ್ತವೆ.

ಟೈಮ್ಸ್ ಸ್ಕ್ವೇರ್ ಚೀಟಿ ಒಂದೇ ಸಾಲು: ರಾತ್ರಿ ಹತ್ತು ನಿಮಿಷ, ಅಲ್ಲಿ ಊಟ ಬೇಡ.

ಫೋರ್ ಕಾರ್ನರ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅರಿಜೋನಾ, ಯೂಟಾ, ಕೊಲರಾಡೋ, ನ್ಯೂ ಮೆಕ್ಸಿಕೋ ಸೇರುವ ಬಿಂದು. ಕೈಕಾಲು ನಾಲ್ಕೂ ರಾಜ್ಯದಲ್ಲಿಟ್ಟು ಫೋಟೋ ತೆಗೆಸಿಕೊಳ್ಳಲು ಬಿಸಿಲಲ್ಲಿ ಸಾಲು. ನಡುವೆ ಕಂಚಿನ ಒಂದು ಬಿಲ್ಲೆ, ಸುತ್ತ ನವಾಹೋ ಜನರ ಅಂಗಡಿಗಳು. ಅಷ್ಟೇ. ಜಾಗವೇ ತಪ್ಪು ಅಂತ 2009ರಲ್ಲಿ ಸುದ್ದಿ ಹಬ್ಬಿತ್ತು. ಎರಡೂವರೆ ಮೈಲಿ ಆಚೀಚೆ ಇದೆ ಅಂದರು. ಅದು ನಿಜವಲ್ಲ. 1875ರ ಸರ್ವೆಯಲ್ಲಿ ಗುರುತು ಹಾಕಿದ ಜಾಗ ಅಂದುಕೊಂಡಿದ್ದಕ್ಕಿಂತ ಸುಮಾರು 1,800 ಅಡಿ ಪೂರ್ವಕ್ಕೆ ಸರಿದಿದೆ, ಅಷ್ಟೇ. ನೆಲದಲ್ಲಿ ನೆಟ್ಟ ಗುರುತೇ ಗಡಿ ಅಂತ 1925ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕಾನೂನಿನ ಪ್ರಕಾರ ಅದೇ ಸರಿಯಾದ ಬಿಂದು. ಇದಕ್ಕಾಗಿಯೇ ಹೊರಡಬೇಡಿ. ಮೆಸಾ ವರ್ಡೆಯ ಬಂಡೆಮನೆಗಳಿಗೆ ಹೋಗುವ ದಾರಿಯಲ್ಲಾದರೆ ಇಳಿಯಿರಿ, ಆ ಅಂಗಡಿಗಳಲ್ಲಿ ಏನಾದರೂ ಕೊಳ್ಳಿ.

ಕ್ಯಾಲಿಫೋರ್ನಿಯಾದ ಐ-5 ಹೆದ್ದಾರಿಯಲ್ಲಿ ಕೋಲಿಂಗಾ ಹತ್ತಿರದ ದನದ ದೊಡ್ಡಿಯನ್ನೂ ಸೇರಿಸಿದ್ದೇನೆ. ಇದು ನೋಡುವ ಜಾಗವಲ್ಲ, ದಾಟುವ ಜಾಗ. ಆದರೆ ಹುಲ್ಲಿನ ಕಡ್ಡಿಯೂ ಇಲ್ಲದ ಧೂಳಿನಲ್ಲಿ ಸಾವಿರಾರು ದನ ನಿಂತಿರುವುದನ್ನು ನೋಡಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅದು ಮಾಂಸಕ್ಕಾಗಿ ಸಾಕಿದ ದೊಡ್ಡಿ. ಅಪ್ಪ ಅಮ್ಮನಿಗೆ ಮೊದಲೇ ಹೇಳಿ, ಇಲ್ಲವಾದರೆ 101 ಹೆದ್ದಾರಿಯಲ್ಲಿ ಹೋಗಿ. ವಾಸನೆಗೆ ಕಾರಿನ ಒಳಗಾಳಿ ಬಟನ್ ಒತ್ತಿದರೆ ಸ್ವಲ್ಪ ವಾಸಿ.

ಇನ್ನು ಪ್ಲಿಮತ್ ಬಂಡೆ. ಮ್ಯಾಸಚೂಸೆಟ್ಸ್ ಕಡಲ ದಡದಲ್ಲಿ ಕಲ್ಲುಕಂಬಗಳ ಮಂಟಪ. ಕಟಕಟೆ ಹಿಡಿದು ಬಗ್ಗಿದರೆ ಕೆಳಗೆ ಗುಂಡಿಯಲ್ಲಿ ಮರಳ ಮೇಲೆ ಒಂದು ಬೂದು ಕಲ್ಲು. ನಮ್ಮ ಹಳ್ಳಿಯ ಬಟ್ಟೆ ಒಗೆಯುವ ಕಲ್ಲಿಗಿಂತ ಸ್ವಲ್ಪ ದೊಡ್ಡದು. ಮೇಲೆ 1620 ಅಂತ ಕೆತ್ತಿದೆ, ನಡುವೆ ಸಿಮೆಂಟ್ ಮೆತ್ತಿದ ಬಿರುಕು. ಆ ವರ್ಷ ಇಂಗ್ಲೆಂಡಿನಿಂದ ಇಲ್ಲಿ ನೆಲೆಸಲು ಬಂದ ಮೇಫ್ಲವರ್ ಹಡಗಿನವರು ಕಾಲಿಟ್ಟ ಕಲ್ಲು ಅನ್ನುತ್ತಾರೆ. ಹಡಗಿನಲ್ಲಿ ಬಂದವರು ಬರೆದಿಟ್ಟದ್ದರಲ್ಲಿ ಈ ಕಲ್ಲಿನ ಮಾತೇ ಇಲ್ಲ. 1741ರಲ್ಲಿ 94 ವರ್ಷದ ಥಾಮಸ್ ಫಾನ್ಸ್ ಎಂಬ ಹಿರಿಯರು ಇದೇ ಆ ಕಲ್ಲು ಅಂದರು, ಊರು ನಂಬಿತು. 1774ರಲ್ಲಿ ಎತ್ತಲು ಹೋದಾಗ ಎರಡು ಹೋಳಾಯಿತು. ಮೇಲಿನ ಹೋಳು ಊರೆಲ್ಲ ಸುತ್ತಿತು, ಜನ ನೆನಪಿಗೆ ಅಂತ ಚೂರು ಚೂರು ಒಡೆದುಕೊಂಡು ಹೋದರು. 1880ರಲ್ಲಿ ಮತ್ತೆ ಜೋಡಿಸಿ ವರ್ಷ ಕೆತ್ತಿದರು.

ಕಲ್ಲಿಗೆ ಕೆಂಪು ಕೊಟ್ಟಿದ್ದೇನೆ. ಆದರೆ ಎದುರಿನ ಕೋಲ್ಸ್ ಹಿಲ್ ದಿಬ್ಬಕ್ಕೆ ಕೆಂಪಿಲ್ಲ. ಮೆಟ್ಟಿಲು ಹತ್ತಿದರೆ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ಪ್ರತಿಮೆ ಇದೆ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಇಲ್ಲಿ ಸೇರಿ ಶೋಕ ದಿನ ಆಚರಿಸುತ್ತಾರೆ. ಕೆಳಗೆ ಕಲ್ಲು ನೋಡಿ ವಾಪಸ್ ಹೋಗುವವರೇ ಜಾಸ್ತಿ. ನನಗೆ ಅದು ತುಂಬಾ ಬೇಸರದ ವಿಷಯ.

ನಯಾಗರಾ ಯಾಕೆ ನಿಂತಿದೆ ಅಂದರೆ, ಅಲ್ಲಿನ ನಿರಾಸೆ ಜಲಪಾತದ್ದಲ್ಲ. ಎದುರಿನಿಂದ ಕಾಣುವ ಪೂರ್ತಿ ನೋಟ ಕೆನಡಾ ಕಡೆಯದು. ಅಮೆರಿಕಾದ ಪ್ರವಾಸಿ ವೀಸಾ ಇದ್ದ ಮಾತ್ರಕ್ಕೆ ಭಾರತದ ಪಾಸ್‌ಪೋರ್ಟ್‌ನವರು ಸೇತುವೆ ದಾಟುವಂತಿಲ್ಲ, ಕೆನಡಾ ವೀಸಾ ಬೇರೆ ಬೇಕು. ಎಷ್ಟೋ ಅಪ್ಪ ಅಮ್ಮಂದಿರು ಇದನ್ನು ಅಲ್ಲಿಗೆ ಹೋದ ಮೇಲೆ ತಿಳಿದುಕೊಳ್ಳುತ್ತಾರೆ. ಅಮೆರಿಕಾ ಕಡೆ ಗೋಟ್ ಐಲ್ಯಾಂಡ್‌ನ ಟೆರಾಪಿನ್ ಪಾಯಿಂಟ್‌ನಲ್ಲಿ ನೀರು ಬೀಳುವ ಅಂಚಿನ ಪಕ್ಕದಲ್ಲೇ ನಿಲ್ಲಬಹುದು. ಗಾಲಿಕುರ್ಚಿಯಲ್ಲಿ ಎಲ್ಲಿವರೆಗೆ ಹೋಗಬಹುದು ಅನ್ನುವುದನ್ನು ಮೇ ತಿಂಗಳಲ್ಲಿ ನಾನೇ ನಡೆದು ನೋಡಿ ಬರೆಯುತ್ತೇನೆ. ಅದಾದ ಮೇಲೆ ಮೊಂಟಾನಾದ ಬ್ಯೂಟ್ ಊರು. 1982ರಲ್ಲಿ ಮುಚ್ಚಿದ ತಾಮ್ರದ ಗಣಿಯ ಗುಂಡಿಯಲ್ಲಿ ಅಲ್ಲಿ ಆಮ್ಲದ ನೀರು ನಿಂತಿದೆ. ಆ ಚೀಟಿಗೆ ಕಂದು ಬಣ್ಣ ಈಗಲೇ ಹಚ್ಚಿಟ್ಟಿದ್ದೇನೆ.